ಡಿಕಾಕ್ಷನ್ನಿನ ಧರ್ಮಸಂಕಟ

ಕಳೆದ ಭಾನುವಾರ ಬೆಳಗ್ಗೆ ನಮ್ಮ ಮನೆಯ ಕಾಫಿ ಫಿಲ್ಟರು ಮುಷ್ಕರ ಹೂಡಿತು. ಕುದಿಯುವ ನೀರು ಹೊಯ್ದು ಅರ್ಧ ಗಂಟೆಯಾದರೂ ಕೆಳಗಿನ ಪಾತ್ರೆಯ ತಳ ಮುಚ್ಚುವಷ್ಟು ಡಿಕಾಕ್ಷನ್ನೂ ಇಳಿದಿರಲಿಲ್ಲ. ಅಪರಾಧ ನನ್ನದೇ ಎಂದು ಒಪ್ಪಿಕೊಳ್ಳಬೇಕು. ಪುಡಿ ತರುವ ಕೆಲಸ ಆ ವಾರ ನನ್ನ ಪಾಲಿಗೆ ಬಂದಿತ್ತು. ಅಂಗಡಿಯಾತ “ನುಣ್ಣಗೆ ಬೀಸಲೋ, ತರಿಯಾಗಿ ಬೀಸಲೋ?” ಎಂದು ಕೇಳಿದಾಗ, ನುಣುಪಾದಷ್ಟೂ ಸಾರ ಹೆಚ್ಚು ಬಿಟ್ಟೀತೆಂಬ ತರ್ಕದಿಂದ ನುಣ್ಣಗೇ ಬೀಸಿಸಿ ತಂದಿದ್ದೆ. ಸಾಲದುದಕ್ಕೆ, ಗಟ್ಟಿಯಾದ ಡಿಕಾಕ್ಷನ್ನಿನ ಆಸೆಯಿಂದ ಪುಡಿಯನ್ನು ಫಿಲ್ಟರಿನಲ್ಲಿ ಬಲವಾಗಿ ಒತ್ತಿಯೂ ಇದ್ದೆ. ನನ್ನಾಕೆ ಮುಚ್ಚಳ ತೆಗೆದು ನೋಡಿ ಹೇಳಿದ್ದು ಇಷ್ಟೆ: “ಅಲ್ಲಾ ರೀ, ಸಾರ ಬಿಡಲಿ ಅಂತ ಪುಡಿಯನ್ನೇನೋ ನುಣ್ಣಗೆ ಮಾಡಿಸಿದಿರಿ, ನೀರು ಹೋಗೋದಕ್ಕೆ ದಾರಿ ಬೇಡವೆ?”

ಅಂದು ಕಾಫಿಗೆಂದು ಬಂದಿದ್ದವರು ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕ ಮಿತ್ರರು. ಅವರು ಈ ಮಾತನ್ನು ಕೇಳಿ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. “ಮೇಷ್ಟ್ರೇ, ನಿಮ್ಮ ಮನೆಯವರು ಈಗ ಹೇಳಿದ ಮಾತಿಗೆ ಉತ್ತರ ಹುಡುಕುತ್ತ ಪ್ರಪಂಚದ ಎಷ್ಟೋ ಪ್ರಯೋಗಶಾಲೆಗಳು ತಲೆ ಕೆಡಿಸಿಕೊಂಡಿವೆ. ಅವರದು ಕಾಫಿಯಲ್ಲ, ಬ್ಯಾಟರಿ!” ಎಂದರು. ಕಾಫಿ ಬರುವವರೆಗೆ, ಎಂದರೆ ಬಹಳ ಹೊತ್ತಿನವರೆಗೆ, ಅವರು ಆ ಬ್ಯಾಟರಿಯ ಕಥೆ ಹೇಳಿದರು. ಆ ಬಳಿಕ ನಾನೂ ಸ್ವಲ್ಪ ಓದಿದೆ. ಹಳಗನ್ನಡ ಪಾಠ ಹೇಳುವವನಿಗೆ ವಿದ್ಯುತ್ಕೋಶದ ಉಸಾಬರಿ ಏಕೆಂದು ಕೇಳುವವರು ಕೇಳಲಿ. ಮನಸ್ಸಿಗೆ ಹಿಡಿಸಿದ್ದನ್ನು ಹಂಚಿಕೊಳ್ಳದಿದ್ದರೆ ಈ ಅಂಕಣಕ್ಕೆ ಅರ್ಥವಿಲ್ಲ.

ಸೂರ್ಯನ ಬಿಸಿಲಿನಿಂದ ವಿದ್ಯುತ್ತನ್ನು ತೆಗೆಯುವ ವಿದ್ಯೆ ಇಂದು ಹೊಸದಲ್ಲ. ನಮ್ಮ ತುಮಕೂರು ಜಿಲ್ಲೆಯ ಪಾವಗಡದ ಬಯಲಿನಲ್ಲೇ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಹರಡಿಕೊಂಡಿದೆ. ತೊಂದರೆಯಿರುವುದು ಹೊತ್ತಿನದು. ಬಿಸಿಲು ನೆತ್ತಿಯ ಮೇಲಿರುವಾಗ ವಿದ್ಯುತ್ತು ಧಾರಾಳ; ಮನೆಮನೆಯಲ್ಲಿ ದೀಪ ಹೊತ್ತುವ ವೇಳೆಗೆ ಸೂರ್ಯ ಮನೆಗೆ ಹೋಗಿರುತ್ತಾನೆ. ಹಗಲಿನ ಸಂಪಾದನೆಯನ್ನು ಇರುಳಿನ ಖರ್ಚಿಗೆ ಕೂಡಿಡುವ ಕಣಜವೊಂದು ಬೇಕು. ನಮ್ಮ ಜೇಬಿನ ದೂರವಾಣಿಯಲ್ಲಿರುವ ಲಿಥಿಯಂ ಬ್ಯಾಟರಿಯೂ ಅಂಥ ಕಣಜವೇ. ಆದರೆ ಅದರಲ್ಲಿ ಕಣಜದ ಗಾತ್ರವನ್ನು ಹೆಚ್ಚಿಸಬೇಕಾದರೆ ಬಾಗಿಲನ್ನೂ ಹೆಚ್ಚಿಸಬೇಕು. ಕಾಳೂ ಕಣಜವೂ ಬಾಗಿಲೂ ಒಂದೇ ಡಬ್ಬಿಯಲ್ಲಿ ಅಂಟಿಕೊಂಡಿರುತ್ತವೆ. ಹರಿವ ಬ್ಯಾಟರಿಯ ರೀತಿ ಬೇರೆ. ಅಲ್ಲಿ ಶಕ್ತಿ ಇರುವುದು ತೊಟ್ಟಿಯ ದ್ರವದಲ್ಲಿ. ಕೆಲಸ ನಡೆಯುವುದು ಕೋಶದಲ್ಲಿ. ಹೆಚ್ಚು ಹೊತ್ತು ವಿದ್ಯುತ್ತು ಬೇಕೆ? ದೊಡ್ಡ ತೊಟ್ಟಿ ಕಟ್ಟಿ. ಒಂದೇ ಸಲಕ್ಕೆ ಹೆಚ್ಚು ಬಲ ಬೇಕೆ? ಕೋಶಗಳನ್ನು ಹೆಚ್ಚಿಸಿ. ಒಂದಕ್ಕೊಂದು ತಳುಕಿಲ್ಲ.

ಅದರ ರಚನೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಎರಡು ತೊಟ್ಟಿಗಳು, ಎರಡರಲ್ಲಿಯೂ ಗಂಧಕಾಮ್ಲದಲ್ಲಿ ಕರಗಿಸಿದ ವೆನೇಡಿಯಂ ಎಂಬ ಲೋಹ. ನಡುವೆ ಕೋಶ. ಕೋಶದ ಮಧ್ಯದಲ್ಲಿ ತೆಳುವಾದ ಒಂದು ಪೊರೆ. ಪೊರೆಯ ಎರಡು ಮಗ್ಗುಲಲ್ಲಿ ಎರಡು ವಿದ್ಯುದಗ್ರಗಳು. ಪಂಪುಗಳು ಒಂದೊಂದು ತೊಟ್ಟಿಯ ದ್ರಾವಣವನ್ನು ಒಂದೊಂದು ವಿದ್ಯುದಗ್ರದ ಮೂಲಕ ಹರಿಸಿ ಮತ್ತೆ ತೊಟ್ಟಿಗೇ ತಂದು ಬಿಡುತ್ತವೆ. ಹೊರಗಿನಿಂದ ವಿದ್ಯುತ್ತನ್ನು ತುಂಬುವಾಗ ಒಂದು ಕಡೆಯ ವೆನೇಡಿಯಂ ಎಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ, ಇನ್ನೊಂದು ಕಡೆಯದು ಪಡೆದುಕೊಳ್ಳುತ್ತದೆ. ವಿದ್ಯುತ್ತನ್ನು ಮರಳಿ ತೆಗೆಯುವಾಗ ಈ ಕೊಡುಕೊಳೆ ತಿರುಗುಮುರುಗಾಗುತ್ತದೆ. ಒಂದು ಕೋಶದ ವೋಲ್ಟೇಜು ಸುಮಾರು 1.26, ನಲವತ್ತು ಕೋಶಗಳನ್ನು ಸಾಲಾಗಿ ಜೋಡಿಸಿದರೆ ಐವತ್ತು ವೋಲ್ಟಾಯಿತು. ಈ ಬ್ಯಾಟರಿಯ ಸೊಗಸೆಲ್ಲ ಬಣ್ಣದಲ್ಲಿದೆ. ತುಂಬುತ್ತ ಹೋದಂತೆ ಒಂದು ತೊಟ್ಟಿಯ ನೀಲಿ ಹಳದಿಯಾಗುತ್ತದೆ. ಇನ್ನೊಂದರ ಹಸಿರು ನೇರಳೆಯಾಗುತ್ತದೆ. ಎಲೆಕ್ಟ್ರಾನುಗಳ ಲೆಕ್ಕವನ್ನು ಕಣ್ಣಿಗೆ ಕಾಣುವಂತೆ ಬರೆದಿಡುವ ಲೋಹ ಇದು.

ಈ ಬಣ್ಣಗಳೇ ಹಿಂದೊಮ್ಮೆ ಒಬ್ಬ ವಿಜ್ಞಾನಿಯನ್ನು ಮೋಹಿಸಿ ಮೋಸಗೊಳಿಸಿದ್ದವು. 1801ರಲ್ಲಿ ಮೆಕ್ಸಿಕೋದಲ್ಲಿದ್ದ ಆಂದ್ರೇಸ್ ಮಾನುಯೆಲ್ ದೆಲ್ ರಿಯೋ ಎಂಬಾತ ಸೀಸದ ಅದಿರೊಂದರಲ್ಲಿ ಹೊಸ ಧಾತುವನ್ನು ಕಂಡ. ಅದರ ಲವಣಗಳು ನಾನಾ ಬಣ್ಣ ತಳೆಯುವುದನ್ನು ನೋಡಿ ‘ಎಲ್ಲ ಬಣ್ಣದ್ದು’ ಎಂಬರ್ಥದ ಹೆಸರಿಟ್ಟ. ಆಮೇಲೆ ಕಾಯಿಸಿದರೆ ಕೆಂಪಾಗುವುದನ್ನು ಕಂಡು ‘ಕೆಂಪಿನದು’ ಎಂಬರ್ಥದ ಹೆಸರಿಗೆ ಬದಲಿಸಿದ. ಆದರೆ 1805ರಲ್ಲಿ ಫ್ರಾನ್ಸಿನ ರಸಾಯನಜ್ಞನೊಬ್ಬ ಇದು ಹೊಸತೇನಲ್ಲ, ಕ್ರೋಮಿಯಂ ಅಷ್ಟೆ ಎಂದು ತೀರ್ಪು ಕೊಟ್ಟಾಗ, ಪಾಪ, ದೆಲ್ ರಿಯೋ ತನ್ನ ಕೂಸನ್ನು ತಾನೇ ಕೈಬಿಟ್ಟ. 1830ರಲ್ಲಿ ಸ್ವೀಡನ್ನಿನ ಸೆಫ್‌ಸ್ಟ್ರೋಮ್ ಕಬ್ಬಿಣದ ಅದಿರಿನಲ್ಲಿ ಅದನ್ನೇ ಮತ್ತೆ ಕಂಡುಹಿಡಿದು, ತನ್ನ ನಾಡಿನ ಸೌಂದರ್ಯದೇವತೆ ವನದೀಸಳ ಹೆಸರಿನಲ್ಲಿ ವೆನೇಡಿಯಂ ಎಂದು ಕರೆದ. ಮರುವರ್ಷ ವೋಲರ್ ಎಂಬ ಜರ್ಮನ್ ವಿದ್ವಾಂಸ ಎರಡೂ ಒಂದೇ ಎಂದು ತೋರಿಸಿಕೊಟ್ಟ. ಅಷ್ಟರಲ್ಲಿ ಹೆಸರು ಗಟ್ಟಿಯಾಗಿ ನಿಂತುಬಿಟ್ಟಿತ್ತು. ಹಸ್ತಪ್ರತಿಗಳ ಕಾಲನಿರ್ಣಯದಲ್ಲಿ ಹಿರಿಯರ ಒಂದು ಮಾತಿಗೆ ಅಂಜಿ ತಮ್ಮ ಸರಿಯಾದ ಊಹೆಯನ್ನು ನುಂಗಿಕೊಂಡವರು ನಮ್ಮ ಕಡೆಯೂ ಇದ್ದಾರೆ. ಆ ವಿಷಯ ಇಲ್ಲಿ ಬೇಡ.

ಹರಿವ ದ್ರವದಲ್ಲಿ ವಿದ್ಯುತ್ತನ್ನು ಕೂಡಿಡುವ ಯೋಚನೆಗೆ ಜರ್ಮನಿಯ ವಾಲ್ಟರ್ ಕಾಂಗ್ರೋ 1949ರಲ್ಲಿಯೇ ಪೇಟೆಂಟು ಕೋರಿದ್ದ. 1970ರ ದಶಕದಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಲಾರೆನ್ಸ್ ಥ್ಯಾಲರ್ ಒಂದು ಕಡೆ ಕಬ್ಬಿಣ, ಮತ್ತೊಂದು ಕಡೆ ಕ್ರೋಮಿಯಂ ಇಟ್ಟು ಅಂಥ ಬ್ಯಾಟರಿಯನ್ನು ಕಟ್ಟಿದ. ಅದರ ಕೊರತೆಯೆಂದರೆ, ಪೊರೆ ಎಷ್ಟೇ ಚೆನ್ನಾಗಿದ್ದರೂ ಕಬ್ಬಿಣ ಆಚೆಗೂ ಕ್ರೋಮಿಯಂ ಈಚೆಗೂ ಸ್ವಲ್ಪಸ್ವಲ್ಪವಾಗಿ ನುಸುಳುವುದು. ಕ್ರಮೇಣ ಎರಡು ತೊಟ್ಟಿಯೂ ಕಲಬೆರಕೆ. 1980ರ ದಶಕದಲ್ಲಿ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮರಿಯಾ ಸ್ಕಿಲ್ಲಾಸ್-ಕಜಾಕೋಸ್ ಎಂಬ ವಿದುಷಿ ಮತ್ತು ಅವರ ಸಂಗಡಿಗರು ಈ ಗಂಟನ್ನು ಬಿಡಿಸಿದರು. ಎರಡು ಕಡೆಯೂ ಒಂದೇ ಲೋಹವನ್ನಿಟ್ಟರಾಯಿತಲ್ಲ! ನುಸುಳಿದರೂ ವೆನೇಡಿಯಂ ವೆನೇಡಿಯಮ್ಮಿನ ಮನೆಗೇ ಹೋದಂತಾಯಿತು. ಆ ಕ್ಷಣಕ್ಕೆ ಸ್ವಲ್ಪ ಶಕ್ತಿ ನಷ್ಟವಾದೀತು. ಆದರೆ ಎರಡು ತೊಟ್ಟಿಗಳ ದ್ರಾವಣವನ್ನು ಬೆರೆಸಿ, ಪಾಲು ಮಾಡಿ, ಮತ್ತೆ ತುಂಬಿದರೆ ಮೊದಲಿನಂತೆ.

ಇನ್ನು ನಮ್ಮ ಫಿಲ್ಟರಿನ ವಿಷಯ. ದ್ರಾವಣವೇನೋ ಕೋಶಕ್ಕೆ ಬಂತು. ಎಲೆಕ್ಟ್ರಾನನ್ನು ಕೊಡುವುದಕ್ಕೂ ಪಡೆಯುವುದಕ್ಕೂ ಅದು ಘನವಾದ ವಾಹಕವೊಂದನ್ನು ಮುಟ್ಟಬೇಕು. ಸಪಾಟಾದ ಹಲಗೆಯನ್ನಿಟ್ಟರೆ ಮುಟ್ಟುವ ಜಾಗ ಏನೇನೂ ಸಾಲದು. ಆದಕಾರಣ ವಿದ್ಯುದಗ್ರವನ್ನು ಇಂಗಾಲದ ನೂಲಿನಿಂದ ಮಾಡುತ್ತಾರೆ. ನೇಯದೆ, ಎಳೆಗಳನ್ನು ಅಡ್ಡಾದಿಡ್ಡಿಯಾಗಿ ಹೆಣೆದು ಒತ್ತಿದ ಫೆಲ್ಟು ಅದು. ಕೆಲವು ಮಿಲಿಮೀಟರು ದಪ್ಪ, ಕೈಗೆ ಕಪ್ಪು ಕಂಬಳಿಯ ತುಂಡಿನಂತೆ ತೋರುತ್ತದೆ. ಒಂದೊಂದು ಎಳೆ ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು ತೆಳು. ಫೆಲ್ಟಿನ ಗಾತ್ರದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಬರಿಯ ತೆರವು. ಹೀಗಿದ್ದರೂ ಲೆಕ್ಕ ಹಾಕಿ ನೋಡಿ: ನೂರಕ್ಕೆ ಏಳು ಪಾಲು ಮಾತ್ರ ಎಳೆಯಿರುವ ಫೆಲ್ಟಿನಲ್ಲಿ, ಒಂದು ಘನ ಸೆಂಟಿಮೀಟರಿನಷ್ಟು ತುಂಡಿನ ಎಳೆಗಳ ಮೈಯನ್ನೆಲ್ಲ ಹರಡಿದರೆ 280 ಚದರ ಸೆಂಟಿಮೀಟರಾಗುತ್ತದೆ. ಎರಡು ಅಂಚೆ ಕಾರ್ಡುಗಳನ್ನು ಮುಚ್ಚಿ ಮಿಗುವಷ್ಟು ಜಾಗ ಒಂದು ಸಕ್ಕರೆಯ ಅಚ್ಚಿನಷ್ಟು ತುಂಡಿನೊಳಗೆ!

ಎಳೆಗಳನ್ನು ಇನ್ನೂ ತೆಳುವಾಗಿಸಿದರೆ ಮುಟ್ಟುವ ಜಾಗ ಇನ್ನೂ ಹೆಚ್ಚುವುದಲ್ಲ ಎಂದು ಯಾರಿಗಾದರೂ ತೋರುವುದು ಸಹಜ. ಕಾಫಿಪುಡಿಯ ಅಂಗಡಿಯಲ್ಲಿ ನನಗೂ ಹಾಗೆಯೇ ತೋರಿತು. ತೆರವಿನ ಪಾಲನ್ನು ಹಾಗೆಯೇ ಉಳಿಸಿಕೊಂಡು ಎಳೆಯ ದಪ್ಪವನ್ನು ಅರ್ಧಕ್ಕಿಳಿಸಿದರೆ ಜಾಗ ಇಮ್ಮಡಿಯಾಗುವುದೇನೋ ನಿಜ. ಆದರೆ ದ್ರವ ಸಾಗುವ ಸಲೀಸು ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಲಾಭ ಎರಡು ಪಟ್ಟು, ದಂಡ ನಾಲ್ಕು ಪಟ್ಟು. ದಂಡ ತೆರಬೇಕಾದದ್ದು ಪಂಪು. ಪಂಪು ನಡೆಯಬೇಕಾದದ್ದು ಅದೇ ಬ್ಯಾಟರಿಯ ವಿದ್ಯುತ್ತಿನಿಂದ. ಕೂಡಿಟ್ಟ ಹಣದ ಬಡ್ಡಿಯನ್ನು ಕಾವಲುಗಾರನ ಸಂಬಳವೇ ನುಂಗಿದಂತೆ.

ಇಲ್ಲಿ ಒಂದು ಸಂದೇಹ ಬರಬಹುದು. ಅಷ್ಟೊಂದು ದ್ರವವನ್ನು ನೂಕುವ ಅಗತ್ಯವಾದರೂ ಏನು? ನನ್ನ ಮಿತ್ರರು ಪತ್ರಿಕೆಯ ಅಂಚಿನಲ್ಲೇ ಲೆಕ್ಕ ಹಾಕಿ ತೋರಿಸಿದರು. ಅಂಗೈಯಗಲದ, ನೂರು ಚದರ ಸೆಂಟಿಮೀಟರಿನ ಒಂದು ಕೋಶದಿಂದ 10 ಆಂಪಿಯರ್ ಪ್ರವಾಹ ತೆಗೆಯಬೇಕೆನ್ನಿ. ದ್ರಾವಣದಲ್ಲಿ ಒಂದು ಲೀಟರಿಗೆ 1.6 ಮೋಲ್ ವೆನೇಡಿಯಂ ಇದ್ದು, ಅದರಲ್ಲಿ ಅರ್ಧ ಮಾತ್ರ ಇನ್ನೂ ಶಕ್ತಿ ತುಂಬಿಕೊಂಡಿದ್ದರೆ, ಒಂದು ನಿಮಿಷಕ್ಕೆ ಎಂಟು ಮಿಲಿಲೀಟರಿಗಿಂತ ಕಡಿಮೆ ದ್ರವ ಸಾಕು. ಚಹದ ಚಮಚದಲ್ಲಿ ಒಂದೂವರೆ ಚಮಚ. ಬ್ಯಾಟರಿ ಬರಿದಾಗುತ್ತ ಬಂದು ಹತ್ತರಲ್ಲೊಂದು ಪಾಲು ಮಾತ್ರ ಉಳಿದಾಗ ಅದೇ ಪ್ರವಾಹಕ್ಕೆ ಸುಮಾರು 39 ಮಿಲಿಲೀಟರು ಬೇಕು. ಆದರೆ ಇದು ಕಟ್ಟಕಡೆಯ ಅಯಾನೂ ಎಳೆಯನ್ನು ಮುಟ್ಟಿಯೇ ಹೊರಗೆ ಹೋಯಿತೆಂಬ ಆದರ್ಶದ ಲೆಕ್ಕ. ತರಗತಿಯ ಕೊನೆಯ ಬೆಂಚಿನವನಿಗೂ ಪಾಠ ಮುಟ್ಟಿತೆಂದು ಭಾವಿಸುವ ಅಧ್ಯಾಪಕನ ಲೆಕ್ಕದಂತೆ! ವಾಸ್ತವದಲ್ಲಿ ಈ ಕನಿಷ್ಠದ ಹಲವು ಪಟ್ಟು ದ್ರವವನ್ನು ಹರಿಸಬೇಕಾಗುತ್ತದೆ.

ಏಕೆಂದರೆ ಹರಿಯುವ ದ್ರವವೂ ಎಳೆಯ ಮೈಗೆ ತಾಗಿದಲ್ಲಿ ಹರಿಯುವುದಿಲ್ಲ. ಎಳೆಯ ಸುತ್ತ ಒಂದು ತೆಳ್ಳನೆಯ ಪದರ ನಿಂತ ನೀರಿನಂತೆ ಅಂಟಿಕೊಂಡಿರುತ್ತದೆ. ಅದನ್ನು ದಾಟುವುದಕ್ಕೆ ಅಯಾನುಗಳಿಗೆ ಇರುವುದು ವಿಸರಣವೆಂಬ ಒಂದೇ ಮಾರ್ಗ. ಎಂದರೆ ಜಾತ್ರೆಯ ನೂಕುನುಗ್ಗಲಲ್ಲಿ ಸಿಕ್ಕಿದವನು ಗುರಿಯಿಲ್ಲದೆ ತಳ್ಳಿಸಿಕೊಳ್ಳುತ್ತ ತಳ್ಳಿಸಿಕೊಳ್ಳುತ್ತ ದೇವಸ್ಥಾನ ಸೇರುವ ಮಾರ್ಗ. ದೂರ ಹತ್ತಿರವಿದ್ದರೆ ಅದೇನೂ ಕಷ್ಟವಲ್ಲ. ಮಿಲಿಮೀಟರಿನ ನೂರರಲ್ಲಿ ಒಂದು ಪಾಲನ್ನು ವೆನೇಡಿಯಂ ಅಯಾನು ಸೆಕೆಂಡಿನ ಐದನೆಯ ಒಂದು ಭಾಗದಲ್ಲಿ ದಾಟಿಬಿಡುತ್ತದೆ. ಆದರೆ ದೂರ ಹತ್ತು ಪಟ್ಟಾದರೆ ಕಾಲ ನೂರು ಪಟ್ಟು. ಒಂದು ಇಡೀ ಮಿಲಿಮೀಟರು ದಾಟಲು ಅರ್ಧ ಗಂಟೆಗೂ ಹೆಚ್ಚು ಬೇಕು! ಆದುದರಿಂದ ಹರಿವು ಎಲ್ಲಿಯೂ ಎಳೆಗಳಿಂದ ದೂರವಾಗಕೂಡದು, ಎಲ್ಲಿಯೂ ನಿಲ್ಲಕೂಡದು. ವೇಗ ಹೆಚ್ಚಿದಂತೆ ಆ ನಿಂತ ಪದರ ತೆಳುವಾಗುತ್ತದೆ, ದಿಟ. ಆದರೆ ಎಷ್ಟು ಜಿಪುಣತನದಿಂದ ತೆಳುವಾಗುತ್ತದೆಂದರೆ, ಇಂಗಾಲದ ಎಳೆಗಳ ಮೇಲೆ ನಡೆದ ಪ್ರಯೋಗಗಳಂತೆ, ವೇಗವನ್ನು ಇಮ್ಮಡಿಸಿದರೆ ಅಯಾನುಗಳ ಸಾಗಣೆ ಮೂರನೆಯ ಒಂದು ಪಾಲಿನಷ್ಟು ಮಾತ್ರ ಹೆಚ್ಚುತ್ತದೆ. ಪಂಪಿನ ಖರ್ಚು ಮಾತ್ರ ನಾಲ್ಕು ಪಟ್ಟಾಗುತ್ತದೆ.

ಈ ನಾಲ್ಕು ಪಟ್ಟಿನ ಲೆಕ್ಕ ಬಂದದ್ದು ಕುಡಿಯುವ ನೀರಿನಿಂದ. ಫ್ರಾನ್ಸಿನ ಡಿಜಾನ್ ನಗರದ ಎಂಜಿನಿಯರ್ ಆನ್ರಿ ದಾರ್ಸಿ ತನ್ನ ಊರಿಗೆ ದೂರದ ಚಿಲುಮೆಯ ನೀರನ್ನು ಕಾಲುವೆಯಲ್ಲಿ ತಂದು ಉಪಕಾರ ಮಾಡಿದವನು. ಜೀವನದ ಕೊನೆಗಾಲದಲ್ಲಿ ಅವನು ಮರಳು ತುಂಬಿದ ಕೊಳವೆಗಳಲ್ಲಿ ನೀರು ಇಳಿಸಿ ಅಳೆಯುತ್ತ ಕುಳಿತ. 1856ರಲ್ಲಿ ಡಿಜಾನಿನ ನೀರಿನ ವ್ಯವಸ್ಥೆಯನ್ನು ಕುರಿತು ಪ್ರಕಟಿಸಿದ ದೊಡ್ಡ ಗ್ರಂಥದ ಅನುಬಂಧದಲ್ಲಿ ಆ ಪ್ರಯೋಗಗಳ ಸಾರವನ್ನು ಕೊಟ್ಟ: ಮರಳಿನ ಮೂಲಕ ಹರಿಯುವ ನೀರಿನ ಪ್ರಮಾಣ ಒತ್ತಡದ ವ್ಯತ್ಯಾಸ ಹೆಚ್ಚಿದಷ್ಟೂ ಹೆಚ್ಚು, ಮರಳಿನ ಉದ್ದ ಹೆಚ್ಚಿದಷ್ಟೂ ಕಡಿಮೆ. ಅಂದ ಮೇಲೆ ಹರಿವನ್ನು ಎರಡು ಪಟ್ಟು ಮಾಡಲು ಒತ್ತಡವೂ ಎರಡು ಪಟ್ಟಾಗಬೇಕು. ಎರಡನ್ನೂ ಗುಣಿಸಿದ್ದೇ ಪಂಪಿನ ಶ್ರಮ. ಅದಲ್ಲದೆ ದಾರಿಯ ಉದ್ದ ಎಂಬ ಮಾತನ್ನೂ ಗಮನಿಸಬೇಕು. ಬ್ಯಾಟರಿಯವರು ಚಾತುರ್ಯ ತೋರಿಸಿದ್ದು ಅಲ್ಲಿಯೇ.

ಮೊದಮೊದಲ ಕೋಶಗಳಲ್ಲಿ ದ್ರಾವಣವನ್ನು ಫೆಲ್ಟಿನ ಒಂದು ಅಂಚಿನಲ್ಲಿ ಬಿಟ್ಟು ಎದುರಿನ ಅಂಚಿನಲ್ಲಿ ಹಿಡಿಯುತ್ತಿದ್ದರು. ದೊಡ್ಡ ಕೋಶಗಳಲ್ಲಿ ಈ ಪದ್ಧತಿ ಈಗಲೂ ರೂಢಿಯಲ್ಲಿದೆ. ಮೇಲಿನ ಮಡೆಯಿಂದ ಗದ್ದೆಗೆ ನೀರು ಬಿಟ್ಟು, ಅದು ಇಡೀ ಗದ್ದೆಯನ್ನು ಹಾದು ಕೆಳಗಿನ ಮಡೆಯಲ್ಲಿ ಹೊರಡುವಂತೆ. ಸರಳ, ಎಲ್ಲ ಎಳೆಗಳಿಗೂ ದ್ರವ ಸಿಕ್ಕುತ್ತದೆ. ಆದರೆ ದಾರಿಯ ಉದ್ದವೆಂದರೆ ಕೋಶದ ಉದ್ದ. ಕೋಶ ದೊಡ್ಡದಾದಷ್ಟೂ ಪಂಪಿಗೆ ಪ್ರಯಾಸ. ಆ ಪ್ರಯಾಸಕ್ಕೆ ಹೆದರಿ ಫೆಲ್ಟನ್ನು ದಪ್ಪಗಿಟ್ಟರೆ ವಿದ್ಯುತ್ತು ಆ ದಪ್ಪವನ್ನು ದಾಟುವಾಗ ತಡೆಗೊಳಗಾಗಿ ಶಾಖವಾಗಿ ಸೋರಿಹೋಗುತ್ತದೆ.

ಎರಡನೆಯ ಪದ್ಧತಿ ಹೈಡ್ರೊಜನ್ ಇಂಧನಕೋಶಗಳಿಂದ ಎರವಲು ಬಂದದ್ದು. ವಿದ್ಯುದಗ್ರದ ಬೆನ್ನಿಗಿರುವ ಗ್ರಾಫೈಟ್ ಹಲಗೆಯಲ್ಲಿ ಹಾವು ಹರಿದಂತೆ ಹಿಂದಕ್ಕೂ ಮುಂದಕ್ಕೂ ತಿರುಗುವ ಒಂದೇ ಒಂದು ಕಾಲುವೆಯನ್ನು ಕೊರೆಯುತ್ತಾರೆ. ದ್ರವ ಬಹುಮಟ್ಟಿಗೆ ಕಾಲುವೆಯಲ್ಲೇ ಓಡುತ್ತದೆ. ಆದರೆ ಕಾಲುವೆಯ ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ಒತ್ತಡದಲ್ಲಿ ವ್ಯತ್ಯಾಸವಿರುವುದರಿಂದ ಒಂದಷ್ಟು ದ್ರವ ಎರಡರ ನಡುವಣ ದಿಂಡಿನ ಅಡಿಯಲ್ಲಿ, ಫೆಲ್ಟಿನೊಳಗಿಂದಲೇ, ಅಡ್ಡದಾರಿ ಹಿಡಿಯುತ್ತದೆ. ವಿನೋದವೆಂದರೆ ಕೆಲಸ ಮಾಡುವುದು ಹೆಚ್ಚಾಗಿ ಈ ಅಡ್ಡದಾರಿಯ ದ್ರವವೇ. ರಾಜಮಾರ್ಗದಲ್ಲಿ ಓಡುವುದರಲ್ಲಿ ಬಹುಪಾಲು ಬಂದಂತೆಯೇ ಹೊರಟುಹೋಗುತ್ತದೆ.

ನನ್ನ ಮನಸ್ಸನ್ನು ಗೆದ್ದದ್ದು ಮೂರನೆಯದು. ಎರಡು ಬಾಚಣಿಗೆಗಳನ್ನು ಎದುರುಬದುರಾಗಿಟ್ಟು, ಒಂದರ ಹಲ್ಲುಗಳ ಸಂದಿನಲ್ಲಿ ಇನ್ನೊಂದರ ಹಲ್ಲುಗಳು ಬರುವಂತೆ, ಆದರೆ ಎಲ್ಲಿಯೂ ತಾಗದಂತೆ ಹೊಂದಿಸಿ. ಒಂದು ಬಾಚಣಿಗೆ ದ್ರವ ಒಳಬರುವ ಕಾಲುವೆಗಳು. ಅವುಗಳ ತುದಿ ಮುಚ್ಚಿದೆ. ಇನ್ನೊಂದು ಹೊರಹೋಗುವ ಕಾಲುವೆಗಳು. ಅವುಗಳ ಮೊದಲು ಮುಚ್ಚಿದೆ. ಒಳಬಂದ ದ್ರವಕ್ಕೆ ಮುಂದೆ ದಾರಿಯಿಲ್ಲ. ಫೆಲ್ಟಿನೊಳಗೆ ಇಳಿದು, ದಿಂಡಿನ ಅಡಿ ಹಾದು, ಪಕ್ಕದ ಕಾಲುವೆಗೆ ಏಳಲೇಬೇಕು. ಒಂದು ಹನಿಯೂ ಕೆಲಸ ತಪ್ಪಿಸಿಕೊಳ್ಳುವಂತಿಲ್ಲ. ಹೀಗಿದ್ದರೂ ದಾರಿಯ ಉದ್ದವೆಷ್ಟು? ದಿಂಡಿನ ಅಗಲದಷ್ಟು, ಒಂದೋ ಎರಡೋ ಮಿಲಿಮೀಟರು! ದಾರ್ಸಿಯ ನಿಯಮಕ್ಕೆ ಇದಕ್ಕಿಂತ ಅನುಕೂಲವಾದ ದಾರಿ ಬೇಕೆ? ದಾರಿ ಇಷ್ಟು ಗಿಡ್ಡವಾದ್ದರಿಂದ ದಪ್ಪ ಫೆಲ್ಟಿನ ಬದಲು ಮಿಲಿಮೀಟರಿನ ಕೆಲವೇ ಹತ್ತನೆಯ ಪಾಲು ದಪ್ಪದ ಇಂಗಾಲದ ಕಾಗದವನ್ನೇ ಇಡಬಹುದು. ವಿದ್ಯುತ್ತಿಗೂ ಹಾದಿ ಹತ್ತಿರವಾಯಿತು.

ತೆಳು ಕಾಗದದಿಂದ ಆಗುವ ಪ್ರಯೋಜನವನ್ನು 2012ರಲ್ಲಿ ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದವರು ಪ್ರಕಟಿಸಿ ತೋರಿಸಿದರು. ಹಲಗೆ, ಕಾಗದ, ಪೊರೆಗಳ ನಡುವೆ ಸ್ವಲ್ಪವೂ ಸಂದುಳಿಯದಂತೆ ಒತ್ತಿ ಕಟ್ಟಿದ ಅವರ ಕೋಶ ಒಂದು ಚದರ ಸೆಂಟಿಮೀಟರಿಗೆ 557 ಮಿಲಿವಾಟ್ ಬಲವನ್ನು ಕೊಟ್ಟಿತು. ಅದುವರೆಗೆ ವರದಿಯಾದುದರಲ್ಲಿ ಅದೇ ಅತ್ಯಧಿಕವೆಂದು ಅವರು ಬರೆದುಕೊಂಡರು. ಅಂಗೈಯಗಲದಿಂದ ಸುಮಾರು 55 ವಾಟ್ ಎಂದಾಯಿತು. ದ್ರಾವಣ ಅದೇ ವೆನೇಡಿಯಂ. ಬದಲಾದದ್ದು ಕೋಶದ ಕಟ್ಟಡ.

ಹರಿವಿನ ಹದ ತಪ್ಪಿದರೆ ಆಗುವುದು ಬರಿಯ ನಷ್ಟವಲ್ಲ, ಕೇಡು. ಫೆಲ್ಟನ್ನು ಚೌಕಟ್ಟಿನಲ್ಲಿ ಸಮನಾಗಿ ಒತ್ತದೆ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ದ್ರವ ಅಲ್ಲಿಯೇ ನುಗ್ಗುತ್ತದೆ. ಬದುವಿನಲ್ಲಿ ಇಲಿಬಿಲ ಬಿದ್ದರೆ ಗದ್ದೆಯ ನೀರು ಅಲ್ಲಿಗೇ ಹರಿದುಹೋಗುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅತ್ತ ಒಂದು ಮೂಲೆಗೆ ದ್ರವ ತಲುಪದೆ ಹೋದರೆ, ವಿದ್ಯುತ್ತನ್ನು ತುಂಬುವಾಗ ಆ ಮೂಲೆಯಲ್ಲಿ ಅನಾಹುತ ಮೊದಲಾಗುತ್ತದೆ. ಹೊರಗಿನ ಪ್ರವಾಹ ಬಂದೇ ಬರುತ್ತದೆ. ಅದನ್ನು ತೆಗೆದುಕೊಳ್ಳಲು ವೆನೇಡಿಯಂ ಇಲ್ಲ. ಆಗ ಒಂದು ಕಡೆ ನೀರು ಒಡೆದು ಹೈಡ್ರೊಜನ್ ಗುಳ್ಳೆಗಳೇಳುತ್ತವೆ. ಇನ್ನೊಂದು ಕಡೆ ಇಂಗಾಲದ ಎಳೆಯೇ ಸವೆದು ಅನಿಲವಾಗಿ ಹೋಗುತ್ತದೆ. ಗುಳ್ಳೆಗಳು ತೆರವನ್ನು ಮುಚ್ಚಿ ಹರಿವನ್ನು ಮತ್ತಷ್ಟು ತಡೆಯುತ್ತವೆ. ಹಸಿದ ಮೂಲೆ ಇನ್ನೂ ಹಸಿಯುತ್ತದೆ. ನಮ್ಮ ಬಿಸಿಲುನಾಡಿಗೆ ಇನ್ನೊಂದು ತೊಡಕುಂಟು. ಪೂರ್ಣ ತುಂಬಿದ ಹಳದಿ ದ್ರಾವಣ ಸುಮಾರು 40 ಡಿಗ್ರಿ ಸೆಲ್ಸಿಯಸ್ ದಾಟಿ ಬಹುಕಾಲ ಇದ್ದರೆ ಅದರೊಳಗಿನ ವೆನೇಡಿಯಂ ಗಷ್ಟಾಗಿ ಕೆಳಗಿಳಿಯತೊಡಗುತ್ತದೆ. ಆ ಗಷ್ಟು ಫೆಲ್ಟಿನಲ್ಲಿ ಸಿಕ್ಕಿಕೊಂಡರೆ ನನ್ನ ಭಾನುವಾರದ ಫಿಲ್ಟರಿನ ಗತಿಯೇ. ರಾಯಚೂರು, ಕಲಬುರಗಿಗಳ ಏಪ್ರಿಲ್ ತಿಂಗಳನ್ನು ನೆನೆದರೆ ತೊಟ್ಟಿಯನ್ನು ತಂಪಾಗಿಡುವ ಏರ್ಪಾಡಿಲ್ಲದೆ ಕೆಲಸ ಸಾಗದು.

ಎಳೆಗಳಿಗೆ ದ್ರವ ಮುಟ್ಟಿದ ಮಾತ್ರಕ್ಕೆ ಅಂಟಿತೆಂದೂ ಅಲ್ಲ. ಹೊಸ ಇಂಗಾಲದ ಫೆಲ್ಟಿಗೂ ನೀರಿಗೂ ಕೆಸುವಿನ ಎಲೆಗೂ ನೀರಿಗೂ ಇರುವಷ್ಟೇ ಸ್ನೇಹ. 1992ರಲ್ಲಿ ಸ್ಕಿಲ್ಲಾಸ್-ಕಜಾಕೋಸ್ ಮತ್ತು ಅವರ ಸಹೋದ್ಯೋಗಿಯೊಬ್ಬರು ಫೆಲ್ಟನ್ನು 400 ಡಿಗ್ರಿಯಲ್ಲಿ 30 ಗಂಟೆ ಕಾಯಿಸಿದರೆ ಅದು ದ್ರಾವಣವನ್ನು ಚೆನ್ನಾಗಿ ಹೀರಿ ಕೆಲಸವನ್ನೂ ಚುರುಕಾಗಿ ಮಾಡುವುದೆಂದು ತೋರಿಸಿದರು. ಹುರಿದರೆ ಹದ ಬರುವುದು ಕಾಫಿಬೀಜಕ್ಕೆ ಮಾತ್ರವಲ್ಲವೆಂದಾಯಿತು.

ಇನ್ನೊಂದು ಧರ್ಮಸಂಕಟ ಕೋಶಗಳ ಹೊರಗಿದೆ. ಸಾಲಾಗಿ ಜೋಡಿಸಿದ ನಲವತ್ತು ಕೋಶಗಳಿಗೂ ಒಂದೇ ಕೊಳವೆಯಿಂದ ದ್ರಾವಣ ಹಂಚಿಕೆಯಾಗಬೇಕು. ಆ ದ್ರಾವಣವೋ ವಿದ್ಯುತ್ತಿನ ಒಳ್ಳೆಯ ವಾಹಕ. ಹೀಗಾಗಿ ಒಂದು ಕೋಶದ ವಿದ್ಯುತ್ತು ತಂತಿಯನ್ನು ಬಿಟ್ಟು ಕೊಳವೆಯ ದ್ರವದ ಮೂಲಕವೇ ಕಳ್ಳದಾರಿಯಲ್ಲಿ ನೆರೆಯ ಕೋಶಕ್ಕೆ ಸೋರುತ್ತದೆ. ತಡೆಯಬೇಕಾದರೆ ಪ್ರತಿ ಕೋಶದ ಬಾಗಿಲಿಗೆ ಹೋಗುವ ಓಣಿಯನ್ನು ಉದ್ದವೂ ಕಿರಿದೂ ಮಾಡಬೇಕು. ಓಣಿ ಕಿರಿದಾದರೆ ಪಂಪು ನರಳುತ್ತದೆ. ಕೊಳವೆಯ ವ್ಯಾಸ ಅರ್ಧವಾದರೆ ಅದೇ ಒತ್ತಡಕ್ಕೆ ಹರಿಯುವ ದ್ರವ ಹದಿನಾರರಲ್ಲಿ ಒಂದು ಪಾಲಾಗುತ್ತದೆಂಬ ನಿಯಮವನ್ನು ಕಂಡುಹಿಡಿದವರಲ್ಲಿ ಒಬ್ಬನಾದ ಪ್ವಾಸೆಯ್ ವೈದ್ಯ. ಅವನ ಮನಸ್ಸಿನಲ್ಲಿದ್ದದ್ದು ನಮ್ಮ ರಕ್ತನಾಳ. ಕಳ್ಳನನ್ನು ತಡೆಯಲು ಬಾಗಿಲನ್ನು ಕಿರಿದಾಗಿಸಿ, ನೆಂಟರೂ ಒಳಬಾರದಂತೆ ಮಾಡಿಕೊಳ್ಳದೆ ನಡುವಣ ಅಳತೆಯನ್ನು ಹುಡುಕುವುದರಲ್ಲೇ ಎಂಜಿನಿಯರನ ಆಯುಷ್ಯ ಸವೆಯುತ್ತದೆ.

ಇತ್ತೀಚೆಗೆ ಕೆಲವರು ಫೆಲ್ಟು, ಕಾಗದಗಳನ್ನು ಬಿಟ್ಟು ಮಗ್ಗದ ಕಡೆ ತಿರುಗಿದ್ದಾರೆ. ಇಂಗಾಲದ ನೂಲನ್ನು ಹಾಸುಹೊಕ್ಕಾಗಿ ನೇಯ್ದ ಬಟ್ಟೆಯಲ್ಲಿ ಎರಡು ಬಗೆಯ ತೆರವುಗಳಿರುತ್ತವೆ: ನೂಲಿಗೂ ನೂಲಿಗೂ ನಡುವೆ ದೊಡ್ಡವು, ಒಂದು ನೂಲಿನೊಳಗಣ ಎಳೆಗಳ ನಡುವೆ ಚಿಕ್ಕವು. ದೊಡ್ಡದರಲ್ಲಿ ದ್ರವ ಸಲೀಸಾಗಿ ಓಡುತ್ತದೆ; ಚಿಕ್ಕದರಲ್ಲಿ ಮುಟ್ಟುವ ಜಾಗ ಸಿಕ್ಕುತ್ತದೆ. ಊರಿಗೆ ಹೆದ್ದಾರಿಯೂ ಬೇಕು, ಮನೆಬಾಗಿಲಿಗೆ ಸಂದಿಯೂ ಬೇಕು. ಕ್ಯಾಲಿಫೋರ್ನಿಯದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಶಾಲೆಯವರು ಇನ್ನೂ ಮುಂದೆ ಹೋಗಿ, 2021ರಲ್ಲಿ ಇಂಗಾಲದ ಜಾಲಂಧ್ರದಂತಹ ವಿದ್ಯುದಗ್ರವನ್ನು ಮೂರು ಆಯಾಮದ ಮುದ್ರಣದಿಂದ ಪದರಪದರವಾಗಿ ಕಟ್ಟಿದ ವೃತ್ತಾಂತವನ್ನು ಪ್ರಕಟಿಸಿದರು. ಕಂಬಗಳ ನಡುವೆ ದ್ರವ ಸುಳಿದು ತಿರುಗಿ ಕಲಕುವಂತೆ ಜಾಲಂಧ್ರವನ್ನು ರಚಿಸಿದರೆ, ವೇಗ ಹೆಚ್ಚಿದಾಗ ಸಾಗಣೆ ಮೊದಲಿನಷ್ಟು ಜಿಪುಣತನ ತೋರುವುದಿಲ್ಲವಂತೆ. ಎಲ್ಲಿ ತೆರವಿರಬೇಕು, ಎಲ್ಲಿ ಒತ್ತಾಗಿರಬೇಕು ಎಂಬುದನ್ನು ಗಣಕಯಂತ್ರಕ್ಕೇ ಒಪ್ಪಿಸಿ ಚಿತ್ರ ಬರೆಸುವವರೂ ಇದ್ದಾರೆ. ಅಂಥ ಕೆಲವು ಚಿತ್ರಗಳನ್ನು ನೋಡಿದೆ. ಅಶ್ವತ್ಥದೆಲೆಯ ನರಗಳೆಂದೇ ಮೊದಲು ಭ್ರಮಿಸಿದ್ದೆ.

ಚಿಕ್ಕದರಲ್ಲಿ ಗೆದ್ದದ್ದೆಲ್ಲ ದೊಡ್ಡದರಲ್ಲಿ ಗೆಲ್ಲುವುದಿಲ್ಲ ಎಂದು ಮಿತ್ರರು ಎಚ್ಚರಿಸಿದರು. ಪ್ರಯೋಗಶಾಲೆಯ ಕೋಶಗಳು ಎಷ್ಟೋ ವೇಳೆ ಅಂಚೆ ಚೀಟಿಯಷ್ಟೇ ಅಗಲ. ಬಾಚಣಿಗೆಯ ಹಲ್ಲು ಒಂದು ಅಂಗುಲವಿದ್ದಾಗ ಅದರ ಉದ್ದಕ್ಕೂ ಒತ್ತಡ ಹೆಚ್ಚುಕಡಿಮೆ ಸಮ. ಅದನ್ನೇ ಎರಡು ಅಡಿಯಾಗಿಸಿದರೆ ಒಂದು ಹಲ್ಲಿಗೆ ಹಬ್ಬ, ಇನ್ನೊಂದಕ್ಕೆ ಉಪವಾಸ. ಹೀಗಿದ್ದೂ ದೊಡ್ಡ ಬ್ಯಾಟರಿಗಳು ಎದ್ದಿವೆ. ಜಪಾನಿನ ಹೊಕ್ಕೈಡೊ ದ್ವೀಪದಲ್ಲಿ 2015ರಲ್ಲಿ 15 ಮೆಗಾವಾಟ್ ಬಲದ, ನಾಲ್ಕು ಗಂಟೆ ನಡೆಯುವ ವೆನೇಡಿಯಂ ಬ್ಯಾಟರಿಯನ್ನು ಸ್ಥಾಪಿಸಿದರು. ಚೀನದ ಡಾಲಿಯನ್ ನಗರದಲ್ಲಿ 2022ರಲ್ಲಿ 100 ಮೆಗಾವಾಟಿನದು ವಿದ್ಯುಜ್ಜಾಲಕ್ಕೆ ಸೇರಿತು. ಅದೂ ನಾಲ್ಕು ಗಂಟೆಯದೇ. ನಮ್ಮ ದೇಶದಲ್ಲಿ ಎನ್‌ಟಿಪಿಸಿಯವರು ತಮ್ಮ ಗ್ರೇಟರ್ ನೊಯ್ಡಾದ ಸಂಶೋಧನಾ ಕೇಂದ್ರದಲ್ಲಿ 3 ಮೆಗಾವಾಟ್-ಗಂಟೆ ಶಕ್ತಿ ಹಿಡಿಯುವಂಥದನ್ನು 2025ರ ನವೆಂಬರಿನಲ್ಲಿ ಆರಂಭಿಸಿದ್ದಾರೆ. ಇವು ಭಾರಿ ಗಾತ್ರದ, ಆಸಿಡ್ ತುಂಬಿದ ತೊಟ್ಟಿಗಳು; ಕಾರಿನಲ್ಲಿಟ್ಟು ಓಡಿಸುವ ಆಸೆ ಬೇಡ. ನೂರು ಪಾಲು ತುಂಬಿದರೆ ಮರಳಿ ಸಿಕ್ಕುವುದು ಎಪ್ಪತ್ತೋ ಎಂಬತ್ತೋ ಪಾಲು. ಉಳಿದದ್ದರಲ್ಲಿ ಪಂಪಿನ ಪಾಲನ್ನೂ, ಹಸಿದ ಎಳೆಗಳ ಪಾಲನ್ನೂ ಎಷ್ಟು ಇಳಿಸಬಹುದೆಂಬುದೇ ಈ ಕಾಲುವೆ ಕೊರೆಯುವವರ ಚಿಂತೆ. ಬೆಂಕಿ ಹೊತ್ತಿಕೊಳ್ಳುವ ಭಯವಿಲ್ಲವೆಂಬ ಒಂದು ಗುಣಕ್ಕಾಗಿಯಾದರೂ ಊರ ಹೊರಗೆ ಇವಕ್ಕೊಂದು ಜಾಗ ಕೊಡಬಹುದು ಎಂದು ನನಗೆ ತೋರುತ್ತದೆ.

ಅಷ್ಟು ಹೊತ್ತಿಗೆ ನನ್ನಾಕೆ ಪಕ್ಕದ ಮನೆಯಿಂದ ಡಿಕಾಕ್ಷನ್ ಎರವಲು ತಂದು ಕಾಫಿ ಬೆರೆಸಿ ಕೊಟ್ಟಳು. ಅರ್ಧ ಕಿಲೋ ನುಣ್ಣನೆಯ ಪುಡಿಯ ವಿಲೇವಾರಿ ಮಾತ್ರ ಹಾಗೆಯೇ ಉಳಿದಿತ್ತು. ಇನ್ನರ್ಧ ಕಿಲೋ ತರಿಪುಡಿ ತಂದು ಅದರಲ್ಲಿ ಬೆರೆಸಿಬಿಡೋಣವೆಂದು ನಾನು ಸೂಚಿಸಿದೆ. “ಬೇಡಿ ಮೇಷ್ಟ್ರೇ” ಎಂದರು ಮಿತ್ರರು, “ನುಣ್ಣನೆಯದು ತರಿಯ ಸಂದುಗಳಲ್ಲೆಲ್ಲ ಹೋಗಿ ಕುಳಿತುಕೊಳ್ಳುತ್ತದೆ. ಆಗ ಒಂದು ಕಿಲೋ ಪುಡಿಯೂ ಕೆಟ್ಟಿತು.” ನನ್ನಾಕೆ ಒಳಗಿನಿಂದ ಅಜ್ಜಿಯ ಕಾಲದ ಕಾಫಿ ಸೋಸುವ ಬಟ್ಟೆಯನ್ನು ಹುಡುಕಿ ತಂದಳು. ಆ ಪುಡಿ ಮುಗಿಯುವವರೆಗೆ ಕುದಿಸಿ, ಬಟ್ಟೆಯಲ್ಲಿ ಹಿಂಡಿ ಕುಡಿಯುತ್ತಿದ್ದೇವೆ.